ಫಿಲ್ಟರ್ ನಿಜವಾಗಿ ಕೆಲಸ ಮಾಡುತ್ತಿದೆಯೇ? ಕಚೇರಿಯ ಪ್ರಾಕ್ಸಿ ಸರ್ವರ್‌ಗೆ ನಿಗಾ ಇಡುವ ಕ್ರಮ

ವಿದ್ಯುನ್ಮಾನ ತಕ್ಕಡಿಯ ದೀಪ ಉರಿಯುತ್ತಿದೆ, ಅಂಕಿಗಳು ಕಾಣುತ್ತಿವೆ ಎಂದ ಮಾತ್ರಕ್ಕೆ ಅದು ಸರಿಯಾಗಿ ತೂಗುತ್ತಿದೆ ಎಂದು ಯಾವ ವರ್ತಕರೂ ನಂಬುವುದಿಲ್ಲ. ತೂಕ ಮೊದಲೇ ಗೊತ್ತಿರುವ ಬಟ್ಟನ್ನು ಅದರ ಮೇಲಿಟ್ಟು ನೋಡುತ್ತಾರೆ. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಮುದ್ರೆ ಹಾಕುವ ಮುನ್ನ ಮಾಡುವುದೂ ಇದನ್ನೇ. ಆದರೆ ಅದೇ ವರ್ತಕರ ಕಚೇರಿಯಲ್ಲಿ ಅಪಾಯಕಾರಿ ಜಾಲತಾಣಗಳನ್ನು ತಡೆಯಲೆಂದು ಅಳವಡಿಸಿದ ಫಿಲ್ಟರ್ ತಂತ್ರಾಂಶದ ವಿಷಯದಲ್ಲಿ ಈ ಎಚ್ಚರ ಕಾಣುವುದು ಅಪರೂಪ. ಅಳವಡಿಸಿದ ದಿನ ಒಮ್ಮೆ ತೋರಿಸಿ ಹೋದ ತಂತ್ರಜ್ಞರ ಮಾತೇ ವರ್ಷಗಟ್ಟಲೆ ಪ್ರಮಾಣವಾಗಿ ಉಳಿಯುತ್ತದೆ. ಫಿಲ್ಟರ್ ಇಂದಿಗೂ ಕೆಲಸ ಮಾಡುತ್ತಿದೆಯೇ ಎಂಬುದನ್ನು ಪ್ರತಿದಿನವೂ ಖಚಿತಪಡಿಸಿಕೊಳ್ಳುವ ಕ್ರಮವನ್ನು ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ತಿಳಿಸುವುದು ಈ ಪಾಠದ ಉದ್ದೇಶ.

ಇದು ಕೇವಲ ತಾಂತ್ರಿಕ ವಿಷಯವಲ್ಲ. ಲೆಕ್ಕಪತ್ರ ವಿಭಾಗದ ಗಣಕಯಂತ್ರದಲ್ಲಿಯೇ ಬ್ಯಾಂಕಿನ ವ್ಯವಹಾರ, ಜಿಎಸ್‌ಟಿ ವಿವರಣಪತ್ರ, ಗ್ರಾಹಕರ ಪಟ್ಟಿ ಎಲ್ಲವೂ ಇರುತ್ತವೆ. ಬಿಡಿಭಾಗ ತಯಾರಿಸುವ ಘಟಕದಲ್ಲಿ ದೊಡ್ಡ ಕಂಪನಿಗಳು ನಂಬಿ ಕೊಟ್ಟ ವಿನ್ಯಾಸ ನಕ್ಷೆಗಳಿರುತ್ತವೆ. ಅಂಥ ಕಂಪನಿಗಳು ತಮ್ಮ ಪೂರೈಕೆದಾರರಿಗೆ ಕಳುಹಿಸುವ ಭದ್ರತಾ ಪ್ರಶ್ನಾವಳಿಯಲ್ಲಿ 'ಜಾಲ ಫಿಲ್ಟರ್ ಇದೆಯೇ?' ಎಂಬ ಪ್ರಶ್ನೆಗೆ 'ಇದೆ' ಎಂದು ಬರೆದು ಮಾಲೀಕರು ಸಹಿ ಹಾಕುತ್ತಾರೆ. ಆ ದಿನ ಫಿಲ್ಟರ್ ಸ್ತಬ್ಧವಾಗಿದ್ದರೆ ಆ ಸಹಿ ಸುಳ್ಳಾಗುತ್ತದೆ. ಫಿಲ್ಟರ್ ಇಲ್ಲವೆಂದು ತಿಳಿದಿರುವವರು ಕೊಂಡಿಯೊಂದನ್ನು ಒತ್ತುವ ಮುನ್ನ ಯೋಚಿಸುತ್ತಾರೆ. ಇದೆಯೆಂದು ನಂಬಿದವರು ಯೋಚಿಸುವುದಿಲ್ಲ.

ಪ್ರಾಕ್ಸಿ ಮತ್ತು ಫಿಲ್ಟರ್: ಎರಡು ಬೇರೆ ಕೆಲಸಗಳು

ಕಚೇರಿಯ ಗಣಕಯಂತ್ರಗಳು ಅಂತರಜಾಲದೊಡನೆ ನೇರವಾಗಿ ವ್ಯವಹರಿಸದೆ, ನಡುವಿನ ಒಂದು ಸರ್ವರ್‌ನ ಮೂಲಕ ಪುಟಗಳನ್ನು ತರಿಸಿಕೊಳ್ಳುವ ವ್ಯವಸ್ಥೆಯಲ್ಲಿ ಆ ನಡುವಿನ ಸರ್ವರ್‌ಗೆ ಪ್ರಾಕ್ಸಿ ಎಂದು ಹೆಸರು. ಈ ಕೆಲಸಕ್ಕೆ ವ್ಯಾಪಕವಾಗಿ ಬಳಕೆಯಲ್ಲಿರುವ ಉಚಿತ ತಂತ್ರಾಂಶವೆಂದರೆ 'ಸ್ಕ್ವಿಡ್'. ಅಮೆರಿಕದ 'ಹಾರ್ವೆಸ್ಟ್' ಸಂಶೋಧನಾ ಯೋಜನೆಯ ತಂತ್ರಾಂಶದಿಂದ ಕವಲೊಡೆದು 1996ರಲ್ಲಿ ಹೊರಬಂದ ಇದು ಸಾಮಾನ್ಯವಾಗಿ 3128ನೇ ಪೋರ್ಟ್‌ನಲ್ಲಿ ಕೋರಿಕೆಗಳನ್ನು ಸ್ವೀಕರಿಸುತ್ತದೆ. ಪುಟಗಳನ್ನು ತರುವುದು, ಮತ್ತೆ ಮತ್ತೆ ಬೇಕಾಗುವವನ್ನು ಸಂಗ್ರಹಿಸಿಡುವುದು, ಯಾರು ಏನು ಕೇಳಿದರೆಂದು ದಾಖಲಿಸುವುದು ಇದರ ಮುಖ್ಯ ಕೆಲಸ.

ಯಾವ ಪುಟ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ವಿಸ್ತಾರವಾದ ವಿವೇಚನೆಯನ್ನು ಬಹುತೇಕ ವ್ಯವಸ್ಥೆಗಳಲ್ಲಿ ಬೇರೊಂದು ತಂತ್ರಾಂಶಕ್ಕೆ ಒಪ್ಪಿಸಲಾಗುತ್ತದೆ. ಅದೇ ಫಿಲ್ಟರ್. ಪ್ರಾಕ್ಸಿಗೆ ಫಿಲ್ಟರನ್ನು ಜೋಡಿಸುವ ಕ್ರಮಗಳು ಮುಖ್ಯವಾಗಿ ಮೂರು.

ಮೊದಲನೆಯದು ಸರಪಳಿ ಜೋಡಣೆ. ಇಲ್ಲಿ ಫಿಲ್ಟರ್ ಪ್ರಾಕ್ಸಿಯ ಮುಂದೆ ನಿಂತು, ಬಂದ ಕೋರಿಕೆಯನ್ನು ತಾನು ಪರಿಶೀಲಿಸಿ ನಂತರ ಸ್ಕ್ವಿಡ್‌ಗೆ ದಾಟಿಸುತ್ತದೆ. ಡೇನಿಯಲ್ ಬ್ಯಾರನ್ ಅವರು ರೂಪಿಸಿದ 'ಡಾನ್ಸ್‌ಗಾರ್ಡಿಯನ್' ಈ ಬಗೆಯದು. ಅದರ ಅಭಿವೃದ್ಧಿ ನಿಂತ ಮೇಲೆ 'ಇ2ಗಾರ್ಡಿಯನ್' ಎಂಬ ತಂತ್ರಾಂಶ ಅದೇ ದಾರಿಯನ್ನು ಮುಂದುವರಿಸಿತು. ಇವುಗಳನ್ನು ಸಾಮಾನ್ಯವಾಗಿ 8080ನೇ ಪೋರ್ಟ್‌ನಲ್ಲಿ ಇರಿಸಲಾಗುತ್ತದೆ.

ಎರಡನೆಯದು ಸಹಾಯಕ ಜೋಡಣೆ. ಇಲ್ಲಿ ಸ್ಕ್ವಿಡ್ ತಾನೇ ಕೆಲವು ಸಹಾಯಕ ಕಾರ್ಯಕ್ರಮಗಳನ್ನು ಚಾಲನೆಗೊಳಿಸಿ, ಪ್ರತಿಯೊಂದು ವಿಳಾಸವನ್ನೂ ಅವುಗಳ ಮುಂದಿಟ್ಟು ಅಭಿಪ್ರಾಯ ಕೇಳುತ್ತದೆ. 'ಸ್ಕ್ವಿಡ್‌ಗಾರ್ಡ್' ಈ ಬಗೆಯ ಹಳೆಯ ಹಾಗೂ ಪ್ರಸಿದ್ಧ ಉದಾಹರಣೆ.

ಮೂರನೆಯದು ಐಕ್ಯಾಪ್ ಜೋಡಣೆ. ಪ್ರಾಕ್ಸಿಯು ಕೋರಿಕೆಯನ್ನೋ ಬಂದ ಪುಟವನ್ನೋ ಪರಿಶೀಲನೆಗಾಗಿ ಬೇರೊಂದು ಸೇವೆಗೆ ಕಳುಹಿಸುವ ಸಂವಹನ ನಿಯಮಾವಳಿಯಿದು. 2003ರಲ್ಲಿ ಪ್ರಕಟವಾದ ಇದರ ಸಾಮಾನ್ಯ ಪೋರ್ಟ್ 1344. ವೈರಸ್ ಪರೀಕ್ಷಕಗಳನ್ನು ಹೆಚ್ಚಾಗಿ ಈ ಕ್ರಮದಲ್ಲಿ ಜೋಡಿಸುತ್ತಾರೆ.

ಜೋಡಣೆ ಯಾವುದೇ ಇರಲಿ, ಪ್ರಾಕ್ಸಿ ಮತ್ತು ಫಿಲ್ಟರ್ ಎರಡು ಬೇರೆ ಬೇರೆ ಕಾರ್ಯಕ್ರಮಗಳು. ಒಂದು ಚೆನ್ನಾಗಿ ನಡೆಯುತ್ತಿರುವಾಗಲೇ ಇನ್ನೊಂದು ನಿಂತುಹೋಗಬಹುದು. ಆದ್ದರಿಂದ 'ಅಂತರಜಾಲ ಬರುತ್ತಿದೆ' ಎಂಬುದು ಪ್ರಾಕ್ಸಿಯ ಆರೋಗ್ಯವನ್ನು ತಿಳಿಸುತ್ತದೆಯೇ ಹೊರತು ಫಿಲ್ಟರ್‌ನ ಆರೋಗ್ಯವನ್ನಲ್ಲ.

ಮುಚ್ಚುವ ವೈಫಲ್ಯ, ತೆರೆಯುವ ವೈಫಲ್ಯ

ಫಿಲ್ಟರ್ ಕೆಟ್ಟಾಗ ಎರಡರಲ್ಲಿ ಒಂದು ಸಂಭವಿಸುತ್ತದೆ. ಎಲ್ಲ ಪುಟಗಳೂ ನಿಂತುಹೋಗುವುದು ಮುಚ್ಚುವ ವೈಫಲ್ಯ. ಎಲ್ಲ ಪುಟಗಳೂ ತಡೆಯಿಲ್ಲದೆ ಹಾದುಹೋಗುವುದು ತೆರೆಯುವ ವೈಫಲ್ಯ.

ಮುಚ್ಚುವ ವೈಫಲ್ಯ ತನ್ನನ್ನು ತಾನೇ ಸಾರಿಕೊಳ್ಳುತ್ತದೆ. ಐದು ನಿಮಿಷದಲ್ಲಿ ಸಿಬ್ಬಂದಿಯೆಲ್ಲ ಮಾಲೀಕರ ಕೋಣೆಗೆ ಬಂದು ದೂರುತ್ತಾರೆ. ತೆರೆಯುವ ವೈಫಲ್ಯದ ಬಗ್ಗೆ ದೂರು ಬರುವುದಿಲ್ಲ. ನಿಷೇಧಿಸಿದ ಜಾಲತಾಣ ಇಂದು ತೆರೆದುಕೊಂಡಿತೆಂದು ವರದಿ ಮಾಡುವ ನೌಕರರು ವಿರಳ. ಪ್ರಾಮಾಣಿಕ ನೌಕರರಿಗೆ ಅದು ಗೊತ್ತಾಗುವುದೇ ಇಲ್ಲ, ಏಕೆಂದರೆ ಅವರು ಅಂಥ ತಾಣವನ್ನು ಕೇಳುವುದೇ ಇಲ್ಲ. ಇ-ಮೇಲ್‌ನಲ್ಲಿ ಬಂದ ನಕಲಿ ಬ್ಯಾಂಕ್ ಕೊಂಡಿಯೊಂದನ್ನು ಒತ್ತಿದ ದಿನವೇ ಅದು ಬೆಳಕಿಗೆ ಬರುತ್ತದೆ. ಆದ್ದರಿಂದ ನಿಗಾ ವ್ಯವಸ್ಥೆಯ ಮುಖ್ಯ ಗುರಿ ಸದ್ದಿಲ್ಲದ ಈ ಎರಡನೆಯ ವೈಫಲ್ಯವಾಗಿರಬೇಕು.

ಮುಚ್ಚುವ ವೈಫಲ್ಯವನ್ನು ಮನುಷ್ಯರೇ ತೆರೆಯುವ ವೈಫಲ್ಯವನ್ನಾಗಿ ಮಾರ್ಪಡಿಸುವುದೂ ಉಂಟು. ಸರಪಳಿ ಜೋಡಣೆಯಲ್ಲಿ 8080ರ ಫಿಲ್ಟರ್ ನಿಂತಾಗ ಅಂತರಜಾಲವೂ ನಿಲ್ಲುತ್ತದೆ. ತುರ್ತು ಪಾವತಿ ಬಾಕಿಯಿರುವ ಹೊತ್ತಿನಲ್ಲಿ ಯಾರೋ ತಿಳಿದವರು ಬ್ರೌಸರ್‌ನ ಹೊಂದಾಣಿಕೆಯಲ್ಲಿ 8080ರ ಬದಲು 3128 ಎಂದು ಬರೆಯುತ್ತಾರೆ. ಕೆಲಸ ಸಾಗುತ್ತದೆ. ಫಿಲ್ಟರ್ ಮರುದಿನ ಸರಿಹೋದರೂ ಬ್ರೌಸರ್ ಮಾತ್ರ ಹಾಗೆಯೇ ಉಳಿಯುತ್ತದೆ. ಸ್ಕ್ವಿಡ್ ತನ್ನ ಸರ್ವರ್‌ನೊಳಗಿನಿಂದ ಬರುವ ಕೋರಿಕೆಗಳನ್ನು ಮಾತ್ರ ಸ್ವೀಕರಿಸುವಂತೆ ಮೊದಲೇ ನಿರ್ಬಂಧಿಸಿದ್ದರೆ ಈ ಅಡ್ಡದಾರಿ ಇರುತ್ತಿರಲಿಲ್ಲ.

ಜೀವಂತವಿದ್ದೂ ನಿಷ್ಕ್ರಿಯ: ಒಂದು ನೈಜ ಉದಾಹರಣೆ

ತೆರೆಯುವ ವೈಫಲ್ಯ ಹೇಗೆ ಉಂಟಾಗುತ್ತದೆ ಎಂಬುದಕ್ಕೆ ಸ್ಕ್ವಿಡ್‌ಗಾರ್ಡ್‌ನ 'ತುರ್ತು ಸ್ಥಿತಿ' ಒಳ್ಳೆಯ ಪಾಠ. ಈ ತಂತ್ರಾಂಶವು ಪ್ರಾರಂಭವಾಗುವಾಗ ತನ್ನ ಹೊಂದಾಣಿಕೆ ಕಡತವನ್ನೂ ತಡೆಪಟ್ಟಿಗಳನ್ನೂ ಓದುತ್ತದೆ. ಅವುಗಳಲ್ಲಿ ಯಾವುದಾದರೂ ಸಿಗದಿದ್ದರೆ ಅಥವಾ ತೆರೆಯಲು ಅನುಮತಿ ಇಲ್ಲದಿದ್ದರೆ ಅದು ನಿಂತುಹೋಗುವುದಿಲ್ಲ. ತಾನು ತುರ್ತು ಸ್ಥಿತಿಗೆ ಹೋಗುತ್ತಿರುವುದಾಗಿ ತನ್ನ ಲಾಗ್ ಕಡತದಲ್ಲಿ ಬರೆದು, ಅಲ್ಲಿಂದ ಮುಂದೆ ಬಂದ ಪ್ರತಿಯೊಂದು ಕೋರಿಕೆಗೂ 'ಬದಲಾವಣೆ ಬೇಕಿಲ್ಲ' ಎಂಬ ಉತ್ತರವನ್ನೇ ಕೊಡುತ್ತದೆ. ಕಾರ್ಯಕ್ರಮ ಜೀವಂತವಾಗಿದೆ, ಪ್ರಾಕ್ಸಿಗೆ ಉತ್ತರವೂ ಸಿಗುತ್ತಿದೆ, ಸಿಬ್ಬಂದಿಗೂ ತೊಂದರೆಯಿಲ್ಲ. ತಡೆ ಮಾತ್ರ ಇಲ್ಲ.

ಇದರ ಸಾಮಾನ್ಯ ಕಾರಣ ತೀರ ಸಣ್ಣದು. ತಡೆಪಟ್ಟಿಗಳು ನಿತ್ಯವೂ ಬದಲಾಗುತ್ತವೆ. ಫ್ರಾನ್ಸಿನ ತುಲೂಸ್ ವಿಶ್ವವಿದ್ಯಾಲಯದಂಥ ಸಂಸ್ಥೆಗಳು ಒದಗಿಸುವ ಪಟ್ಟಿಗಳನ್ನು ರಾತ್ರಿ ವೇಳೆ ತಾನಾಗಿ ತರಿಸಿ, ದತ್ತಸಂಚಯವನ್ನಾಗಿ ಪರಿವರ್ತಿಸುವಂತೆ ಸರ್ವರ್‌ನಲ್ಲಿ ಏರ್ಪಾಡು ಮಾಡಲಾಗುತ್ತದೆ. ಈ ಪರಿವರ್ತನೆಯನ್ನು ಸರ್ವರ್‌ನ ಪ್ರಧಾನ ಖಾತೆಯಾದ 'ರೂಟ್' ನಡೆಸಿದರೆ ಹೊಸ ಕಡತಗಳ ಒಡೆತನ ಅದರದ್ದಾಗುತ್ತದೆ. ಫಿಲ್ಟರ್ ನಡೆಯುವುದಾದರೋ ಸ್ಕ್ವಿಡ್‌ನ ಪ್ರತ್ಯೇಕ ಖಾತೆಯಲ್ಲಿ. ಪರಿವರ್ತನೆಯ ನಂತರ ಒಡೆತನ ಬದಲಾಯಿಸುವ ಒಂದು ಆಜ್ಞೆ ಬಿಟ್ಟುಹೋಗಿದ್ದರೆ ಸಾಕು, ಮರುಚಾಲನೆಯ ಹೊತ್ತಿಗೆ ಫಿಲ್ಟರ್‌ಗೆ ತನ್ನದೇ ಪಟ್ಟಿಗಳನ್ನು ಓದಲು ಅನುಮತಿ ಇರುವುದಿಲ್ಲ. ಬೆಳಿಗ್ಗೆ ಕಚೇರಿ ತೆರೆದಾಗ ಎಲ್ಲವೂ ಎಂದಿನಂತೆ ಕಾಣುತ್ತದೆ.

ಬೇರೆ ಜೋಡಣೆಗಳಲ್ಲಿಯೂ ಇಂಥ ಬಾಗಿಲುಗಳಿವೆ. ಸಹಾಯಕ ಕಾರ್ಯಕ್ರಮಗಳೆಲ್ಲ ಕೆಲಸದಲ್ಲಿ ಮುಳುಗಿರುವಾಗ ಹೊಸ ಕೋರಿಕೆಗಳನ್ನು ಪರಿಶೀಲನೆಯಿಲ್ಲದೆ ಬಿಟ್ಟುಬಿಡುವ ಆಯ್ಕೆಯೊಂದು ಸ್ಕ್ವಿಡ್‌ನಲ್ಲಿದೆ. ನಿರ್ಬಂಧಕ್ಕಾಗಿ ಫಿಲ್ಟರ್ ಬಳಸುವವರು ಅದನ್ನು ಚಾಲನೆಗೊಳಿಸಿದರೆ ಬಳಕೆದಾರರಿಗೆ ನಿಷಿದ್ಧ ಪುಟಗಳು ಸಿಗಬಹುದೆಂದು ಸ್ಕ್ವಿಡ್‌ನ ಕೈಪಿಡಿಯೇ ಎಚ್ಚರಿಸುತ್ತದೆ. ಐಕ್ಯಾಪ್ ಸೇವೆಯನ್ನೂ 'ಐಚ್ಛಿಕ' ಎಂದು ಗುರುತಿಸಲು ಅವಕಾಶವಿದೆ. ಆಗ ವೈರಸ್ ಪರೀಕ್ಷಕ ಕೆಟ್ಟರೆ ಸ್ಕ್ವಿಡ್ ಅದನ್ನು ದಾಟಿ ಪುಟವನ್ನು ನೇರವಾಗಿ ಕೊಡುತ್ತದೆ. ಈ ಎರಡು ಆಯ್ಕೆಗಳೂ ಮೂಲದಲ್ಲಿ ಸ್ಥಗಿತವಾಗಿರುತ್ತವೆ. 'ಅಂತರಜಾಲ ನಿಂತಿದೆ' ಎಂಬ ಕರೆಗಳನ್ನು ತಪ್ಪಿಸಿಕೊಳ್ಳಲು ಅಳವಡಿಸುವವರು ಅವುಗಳನ್ನು ಚಾಲನೆಗೊಳಿಸಿ ಹೋಗುವುದುಂಟು. ತಮ್ಮ ಸರ್ವರ್‌ನಲ್ಲಿ ಇವು ಯಾವ ಸ್ಥಿತಿಯಲ್ಲಿವೆ ಎಂಬುದನ್ನು ಮಾಲೀಕರು ಲಿಖಿತವಾಗಿ ಕೇಳಿ ತಿಳಿದುಕೊಳ್ಳಬೇಕು.

ನಿಗಾದ ನಾಲ್ಕು ಮಟ್ಟಗಳು

ಫಿಲ್ಟರ್‌ಗೆ ನಿಗಾ ಇಟ್ಟಿದ್ದೇವೆ ಎನ್ನುವವರು ವಾಸ್ತವವಾಗಿ ಯಾವುದನ್ನು ನೋಡುತ್ತಿದ್ದಾರೆ ಎಂಬುದನ್ನು ಬೇರ್ಪಡಿಸಿ ಅರಿಯುವುದು ಅಗತ್ಯ.

1. ಕಾರ್ಯಕ್ರಮ ಚಾಲನೆಯಲ್ಲಿದೆಯೇ ಎಂದು ನೋಡುವುದು. 'ಮೋನಿಟ್'ನಂಥ ಉಚಿತ ತಂತ್ರಾಂಶಗಳು ಇದನ್ನು ಗಮನಿಸಿ, ನಿಂತಿದ್ದರೆ ಮತ್ತೆ ಚಾಲನೆಗೊಳಿಸುತ್ತವೆ. ಆದರೆ ತುರ್ತು ಸ್ಥಿತಿಯಲ್ಲಿರುವ ಫಿಲ್ಟರ್ ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತದೆ.

2. ಪೋರ್ಟ್ ಸ್ಪಂದಿಸುತ್ತಿದೆಯೇ ಎಂದು ನೋಡುವುದು. ಬಾಗಿಲು ತಟ್ಟಿದರೆ ಯಾರೋ ಓಗೊಡುತ್ತಾರೆ ಎಂಬುದಷ್ಟೇ ಇದರಿಂದ ತಿಳಿಯುತ್ತದೆ. ಅವರು ಕಾವಲು ಕಾಯುತ್ತಿದ್ದಾರೆಯೇ ಎಂಬುದು ತಿಳಿಯುವುದಿಲ್ಲ.

3. ಲಾಗ್ ಕಡತವನ್ನು ಓದುವುದು. 'ತುರ್ತು ಸ್ಥಿತಿ'ಯ ಸಾಲನ್ನು ಹುಡುಕಿ ಎಚ್ಚರಿಸುವುದು ಉಪಯುಕ್ತ. ಆದರೆ ಡಿಸ್ಕ್ ತುಂಬಿದಾಗ ಆ ಸಾಲೂ ಬರೆಯಲ್ಪಡುವುದಿಲ್ಲ. ದೋಷದ ಸಾಲು ಇಲ್ಲದಿರುವುದು ದೋಷವಿಲ್ಲದಿರುವುದಕ್ಕೆ ಸಾಕ್ಷಿಯಾಗದು.

4. ಪರಿಣಾಮವನ್ನು ನೋಡುವುದು. ತಡೆಯಲೇಬೇಕಾದ ಒಂದು ವಿಳಾಸವನ್ನು ಕೇಳಿ, ತಡೆ ಬೀಳುತ್ತದೆಯೇ ಎಂದು ಪರೀಕ್ಷಿಸುವುದು. ಫಿಲ್ಟರ್‌ನ ಒಳಗೆ ಯಾವ ಭಾಗ ಕೆಟ್ಟಿದ್ದರೂ ಆ ವಿಳಾಸವನ್ನು ತಡೆಯುವ ಕೆಲಸ ನಿಂತಿದ್ದರೆ ಈ ಪರೀಕ್ಷೆ ಅದನ್ನು ತೋರಿಸುತ್ತದೆ.

ಮೊದಲ ಮೂರು ಮಟ್ಟಗಳು ದೋಷದ ಕಾರಣ ಹುಡುಕಲು ನೆರವಾಗುತ್ತವೆ. ಫಿಲ್ಟರ್ ಕೆಲಸ ಮಾಡುತ್ತಿದೆ ಎಂಬ ಪ್ರಮಾಣ ನಾಲ್ಕನೆಯದರಿಂದ ಮಾತ್ರ ಸಿಗುತ್ತದೆ. ಒಂದೇ ಒಂದು ಪರೀಕ್ಷೆಗೆ ಅವಕಾಶವಿದ್ದರೆ ಅದು ನಾಲ್ಕನೆಯದೇ ಆಗಿರಬೇಕು.

ಪರೀಕ್ಷೆಯನ್ನು ರೂಪಿಸುವ ಬಗೆ

ಜೋಡಿ ಪರೀಕ್ಷೆ: ತಡೆ ಬೀಳಬೇಕಾದ ಒಂದು ವಿಳಾಸದ ಜೊತೆಗೆ ತೆರೆಯಲೇಬೇಕಾದ ಒಂದು ವಿಳಾಸವನ್ನೂ ಕೇಳಬೇಕು. ಅಂತರಜಾಲ ಸಂಪರ್ಕವೇ ಕಡಿದಿದ್ದರೆ ನಿಷಿದ್ಧ ಪುಟ ಹೇಗೂ ತೆರೆಯುವುದಿಲ್ಲ. ಅದನ್ನು ಫಿಲ್ಟರ್‌ನ ಸಾಮರ್ಥ್ಯವೆಂದು ಭಾವಿಸಬಾರದು. ಫಲಿತಾಂಶಗಳನ್ನು ಹೀಗೆ ಅರ್ಥೈಸಿಕೊಳ್ಳಬಹುದು. ನಿಷಿದ್ಧ ಪುಟಕ್ಕೆ ತಡೆ ಬಿದ್ದು, ಅನುಮತಿಯ ಪುಟ ತೆರೆದರೆ ಎಲ್ಲವೂ ಸರಿ. ಎರಡೂ ತೆರೆದರೆ ಫಿಲ್ಟರ್ ನಿಷ್ಕ್ರಿಯವಾಗಿದೆ. ಇದು ಕೂಡಲೇ ಎಚ್ಚರಿಸಬೇಕಾದ ಸ್ಥಿತಿ. ಎರಡೂ ತೆರೆಯದಿದ್ದರೆ ಸಂಪರ್ಕವೋ ಪ್ರಾಕ್ಸಿಯೋ ಕೆಟ್ಟಿದೆ ಅಥವಾ ಫಿಲ್ಟರ್ ಮುಚ್ಚುವ ವೈಫಲ್ಯಕ್ಕೆ ಒಳಗಾಗಿದೆ. ನಿಷಿದ್ಧ ಪುಟ ತೆರೆದು ಅನುಮತಿಯ ಪುಟ ತೆರೆಯದಿದ್ದರೆ ಹೊಂದಾಣಿಕೆಯಲ್ಲಿಯೇ ತಪ್ಪಿರಬಹುದು ಅಥವಾ ಆ ಅನುಮತಿಯ ತಾಣವೇ ಕೆಲಸ ನಿಲ್ಲಿಸಿರಬಹುದು. ಫಿಲ್ಟರ್‌ನ ಮಟ್ಟಿಗೆ ಇದನ್ನೂ ಅಪಾಯವೆಂದೇ ಎಣಿಸಬೇಕು.

ವಿಳಾಸದ ಆಯ್ಕೆ: ಪರೀಕ್ಷೆಗಾಗಿ ನಿಜವಾದ ಅಪಾಯಕಾರಿ ತಾಣವನ್ನು ಬಳಸಬಾರದು. ಫಿಲ್ಟರ್ ಕೆಟ್ಟಿರುವ ದಿನ ಪರೀಕ್ಷೆಯೇ ಅಪಾಯವನ್ನು ಒಳತರುತ್ತದೆ. ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ನಿರುಪದ್ರವಿಯಾದ ಒಂದು ಪುಟವನ್ನು ಇರಿಸಿ, ಅದನ್ನು ಸ್ಥಳೀಯ ತಡೆಪಟ್ಟಿಗೆ ಸೇರಿಸುವುದು ಉತ್ತಮ. ಆದರೆ ಇದು ಸ್ಥಳೀಯ ಪಟ್ಟಿ ಓದಲ್ಪಟ್ಟಿದೆ ಎಂಬುದನ್ನಷ್ಟೇ ಹೇಳುತ್ತದೆ. ಹೊರಗಿನಿಂದ ತರಿಸಿದ ಪಟ್ಟಿ ಖಾಲಿಯಾಗಿ ಬಂದಿದ್ದರೆ ತಿಳಿಯುವುದಿಲ್ಲ. ಹೀಗಾಗಿ ತರಿಸಿದ ಪಟ್ಟಿಯಲ್ಲಿರುವ, ಅಪಾಯವಿಲ್ಲದ ವರ್ಗದ ಇನ್ನೊಂದು ವಿಳಾಸವನ್ನೂ ಸೇರಿಸಿಕೊಳ್ಳಬೇಕು. ಕಚೇರಿಯಲ್ಲಿ ತಡೆಹಿಡಿದಿರುವ ಯಾವುದಾದರೂ ಪ್ರಸಿದ್ಧ ಆಟದ ತಾಣ ಇದಕ್ಕೆ ಸಾಕು.

ಉತ್ತರದ ಗುರುತು: ತಡೆ ಬಿದ್ದಾಗ ತೋರುವ ಸೂಚನಾ ಪುಟವೂ ಒಂದು ಪುಟವೇ. ಹಲವು ಫಿಲ್ಟರ್‌ಗಳು ಅದನ್ನು ಯಶಸ್ಸಿನ ಸಂಕೇತವಾದ 200 ಎಂಬ ಸಂಖ್ಯೆಯೊಡನೆಯೇ ಕಳುಹಿಸುತ್ತವೆ. ಆದ್ದರಿಂದ ಸಂಖ್ಯೆಯನ್ನು ಮಾತ್ರ ನೋಡುವ ಪರೀಕ್ಷೆ ದಾರಿ ತಪ್ಪಿಸುತ್ತದೆ. ಸೂಚನಾ ಪುಟದಲ್ಲಿ ಬೇರೆಲ್ಲಿಯೂ ಬಾರದ ಒಂದು ಪದವನ್ನು ಇರಿಸಿ, ಬಂದ ಉತ್ತರದಲ್ಲಿ ಆ ಪದವಿದೆಯೇ ಎಂದು ನೋಡಬೇಕು.

ಎಚ್‌ಟಿಟಿಪಿಎಸ್: ಇಂದು ಬಹುಪಾಲು ತಾಣಗಳು ಗೂಢಲಿಪೀಕರಿಸಿದ ಸಂಪರ್ಕವನ್ನು ಬಳಸುತ್ತವೆ. ವಿಶೇಷ ಏರ್ಪಾಡಿಲ್ಲದ ಪ್ರಾಕ್ಸಿಗೆ ಅಲ್ಲಿ ತಾಣದ ಹೆಸರು ಮಾತ್ರ ಕಾಣುತ್ತದೆ. ಪುಟದ ಪೂರ್ಣ ವಿಳಾಸವಾಗಲಿ ಒಳಗಿನ ಬರಹವಾಗಲಿ ಕಾಣುವುದಿಲ್ಲ. ಹೀಗಾಗಿ ಹಳೆಯ ಎಚ್‌ಟಿಟಿಪಿ ವಿಳಾಸದಿಂದ ಮಾತ್ರ ಪರೀಕ್ಷಿಸುವವರು ಸಿಬ್ಬಂದಿ ಹೆಚ್ಚು ಬಳಸದ ದಾರಿಯನ್ನು ಪರೀಕ್ಷಿಸಿದಂತಾಗುತ್ತದೆ. ಎರಡೂ ಬಗೆಯ ವಿಳಾಸಗಳಿರಬೇಕು. ಎಚ್‌ಟಿಟಿಪಿಎಸ್ ಕೋರಿಕೆ ನಿರಾಕೃತವಾದಾಗ ಬ್ರೌಸರ್ ಸಾಮಾನ್ಯವಾಗಿ ಕಚೇರಿಯ ಸೂಚನಾ ಪುಟವನ್ನು ತೋರದೆ ತನ್ನದೇ ದೋಷ ಸಂದೇಶ ತೋರುತ್ತದೆ ಎಂಬುದೂ ತಿಳಿದಿರಲಿ. ಅಲ್ಲಿ ಪದವನ್ನು ಹುಡುಕದೆ ಪ್ರಾಕ್ಸಿಯಿಂದ ಬಂದ ನಿರಾಕರಣೆಯನ್ನು ಗುರುತಿಸಬೇಕಾಗುತ್ತದೆ.

ವೈರಸ್ ಪರೀಕ್ಷಕ: ಇದಕ್ಕಾಗಿಯೇ 'ಐಕಾರ್' ಎಂಬ ಪರೀಕ್ಷಾ ಕಡತವಿದೆ. ಕೇವಲ 68 ಅಕ್ಷರಗಳ ಈ ಕಡತ ಯಾವ ಹಾನಿಯನ್ನೂ ಮಾಡುವುದಿಲ್ಲ. ವೈರಸ್ ನಿರೋಧಕ ತಂತ್ರಾಂಶಗಳು ಪರಸ್ಪರ ಒಪ್ಪಿಗೆಯಂತೆ ಇದನ್ನು ವೈರಸ್ ಎಂದೇ ಪರಿಗಣಿಸುತ್ತವೆ. ಪ್ರಾಕ್ಸಿಯ ಮೂಲಕ ಇದನ್ನು ತರಿಸಲು ಯತ್ನಿಸಿದಾಗ ಅದು ಕಚೇರಿಯ ಗಣಕಯಂತ್ರಕ್ಕೆ ತಲುಪಬಾರದು. ಎಚ್‌ಟಿಟಿಪಿಎಸ್ ಮೂಲಕ ತಲುಪಿದರೆ ಪರೀಕ್ಷಕ ಕೆಟ್ಟಿದೆ ಎಂದೇ ಅರ್ಥವಲ್ಲ. ಗೂಢಲಿಪಿಯ ಒಳಗೆ ಅದಕ್ಕೆ ಎಂದೂ ಪ್ರವೇಶವೇ ಇರಲಿಲ್ಲ ಎಂಬುದೂ ಆಗಿರಬಹುದು. ಆ ಸಂಗತಿ ಮಾಲೀಕರಿಗೆ ತಿಳಿಯುವುದೂ ಪರೀಕ್ಷೆಯ ಲಾಭವೇ.

ಪರೀಕ್ಷೆಯ ಸ್ಥಳ: ಪರೀಕ್ಷೆಯನ್ನು ಸರ್ವರ್‌ನ ಮೇಲೆಯೇ ಕುಳಿತು ನಡೆಸಬಾರದು. ಅಲ್ಲಿಂದ ಹೊರಡುವ ಕೋರಿಕೆಗಳಿಗೆ ಬೇರೆ ನಿಯಮಗಳಿರಬಹುದು. ಸಿಬ್ಬಂದಿ ಕೂರುವ ಒಂದು ಸಾಮಾನ್ಯ ಗಣಕಯಂತ್ರದಿಂದ, ಸಾಮಾನ್ಯ ನೌಕರರ ಖಾತೆಯಿಂದ ನಡೆಸಬೇಕು. ಮಾಲೀಕರ ಯಂತ್ರಕ್ಕೆ ರಿಯಾಯಿತಿ ಕೊಟ್ಟಿರುವ ಕಚೇರಿಗಳಲ್ಲಿ ಆ ಯಂತ್ರ ಪರೀಕ್ಷೆಗೆ ಯೋಗ್ಯವಲ್ಲ.

ಅಡ್ಡದಾರಿಯ ಪರೀಕ್ಷೆ: ಪ್ರಾಕ್ಸಿಯನ್ನು ಬಿಟ್ಟು ನೇರವಾಗಿ ಹೊರಹೋಗಲು ಯತ್ನಿಸಿದರೆ ಅದು ಸಾಧ್ಯವಾಗಬಾರದು. ಫೈರ್‌ವಾಲ್‌ನ ನಿಯಮವೊಂದು ಬದಲಾದರೆ ಫಿಲ್ಟರ್ ಎಷ್ಟೇ ಚೆನ್ನಾಗಿ ನಡೆದರೂ ಅದರ ಮುಂದೆ ಯಾರೂ ಹಾದುಹೋಗುವುದಿಲ್ಲ. ಆದ್ದರಿಂದ ಬ್ರೌಸರ್‌ನಲ್ಲಿ ಪ್ರಾಕ್ಸಿಯನ್ನು ತೆಗೆದುಹಾಕಿ ಸಾಮಾನ್ಯ ತಾಣವೊಂದನ್ನು ಕೇಳಿ, ಅದು ತೆರೆಯುವುದಿಲ್ಲ ಎಂಬುದನ್ನು ಆಗಾಗ ಖಚಿತಪಡಿಸಿಕೊಳ್ಳಬೇಕು. ನೌಕರರ ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿದ ಗಣಕಯಂತ್ರ ಮಾತ್ರ ಈ ಕಾವಲಿನ ವ್ಯಾಪ್ತಿಗೆ ಬರುವುದಿಲ್ಲ. ಅದಕ್ಕೆ ಕಚೇರಿಯ ನಿಯಮವೇ ಮದ್ದು.

ಎಷ್ಟು ಬಾರಿ, ಯಾರಿಂದ?

ಎರಡು ಪರೀಕ್ಷೆಗಳ ನಡುವಿನ ಅವಧಿಯೇ ಅನುಮಾನದ ಅವಧಿ. ತಿಂಗಳಿಗೊಮ್ಮೆ ಪರೀಕ್ಷಿಸುವ ಕಚೇರಿಯಲ್ಲಿ ದೋಷ ಕಂಡಾಗ ಇಡೀ ತಿಂಗಳ ಬಳಕೆಯನ್ನು ಅನುಮಾನದಿಂದ ನೋಡಬೇಕಾಗುತ್ತದೆ. ಐದು ನಿಮಿಷಕ್ಕೊಮ್ಮೆ ಪರೀಕ್ಷಿಸುವಲ್ಲಿ ಆ ಅವಧಿ ಐದು ನಿಮಿಷ ಮಾತ್ರ. ಇದನ್ನು ಯಂತ್ರಕ್ಕೆ ಒಪ್ಪಿಸುವುದೇ ಸರಿ. 1999ರಲ್ಲಿ 'ನೆಟ್‌ಸೇಂಟ್' ಎಂಬ ಹೆಸರಿನಿಂದ ಆರಂಭವಾಗಿ ನಂತರ 'ನಾಗಿಯೋಸ್' ಎನಿಸಿದ ನಿಗಾ ತಂತ್ರಾಂಶ ಇದಕ್ಕೆ ಸೂಕ್ತ. ಅದರ ಜಾಲ ಪರೀಕ್ಷಾ ಘಟಕವು ಪ್ರಾಕ್ಸಿಯ ಮೂಲಕ ಪುಟವನ್ನು ಕೇಳಿ, ನಿರೀಕ್ಷಿತ ಪದವಿದೆಯೇ ಎಂದು ನೋಡಿ, 'ಸರಿ', 'ಎಚ್ಚರ', 'ಗಂಭೀರ', 'ತಿಳಿಯದು' ಎಂಬ ನಾಲ್ಕರಲ್ಲಿ ಒಂದು ಸ್ಥಿತಿಯನ್ನು ವರದಿ ಮಾಡುತ್ತದೆ. ಅಷ್ಟು ದೊಡ್ಡ ವ್ಯವಸ್ಥೆ ಬೇಡವೆನ್ನುವವರಿಗೆ ಲಿನಕ್ಸ್ ಯಂತ್ರವೊಂದರಲ್ಲಿ ನಿಗದಿತ ವೇಳೆಗೆ ನಡೆಯುವ ಹತ್ತಾರು ಸಾಲುಗಳ ಕಾರ್ಯಕ್ರಮವೇ ಸಾಕು.

ಅದೂ ಇಲ್ಲದ ಸಣ್ಣ ಕಚೇರಿಯಲ್ಲಿ ಗುಮಾಸ್ತರೊಬ್ಬರು ಬೆಳಿಗ್ಗೆ ಕೆಲಸ ಆರಂಭಿಸುವ ಮುನ್ನ ಎರಡು ವಿಳಾಸಗಳನ್ನು ತೆರೆದು ನೋಡಿ, ಒಂದು ಪುಸ್ತಕದಲ್ಲಿ ದಿನಾಂಕ, ವೇಳೆ, ಫಲಿತಾಂಶ ಬರೆದು ಸಹಿ ಮಾಡಬಹುದು. ಎರಡು ನಿಮಿಷದ ಈ ಕೆಲಸದಿಂದ ಅನುಮಾನದ ಅವಧಿ ಒಂದು ದಿನಕ್ಕೆ ಇಳಿಯುತ್ತದೆ.

ಎಚ್ಚರಿಕೆಯ ಸಂದೇಶ ತಲುಪುವ ದಾರಿಯನ್ನೂ ಯೋಚಿಸಬೇಕು. ಪ್ರಾಕ್ಸಿ ಕೆಟ್ಟಿದೆ ಎಂಬ ಸುದ್ದಿಯನ್ನು ಅದೇ ಪ್ರಾಕ್ಸಿಯ ಮೂಲಕ ಕಳುಹಿಸುವ ಏರ್ಪಾಡು ನಿರುಪಯುಕ್ತ. ಮೊಬೈಲ್ ಸಂದೇಶದಂಥ ಬೇರೆ ದಾರಿಯೊಂದಿರಲಿ. ನಿಗಾ ಇಡುವ ಯಂತ್ರವೇ ನಿಂತುಹೋದರೆ ಎಚ್ಚರಿಕೆಯೂ ಬರುವುದಿಲ್ಲ. ಇದಕ್ಕಾಗಿ ಪ್ರತಿದಿನ ನಿಗದಿತ ವೇಳೆಗೆ 'ಎಲ್ಲ ಸರಿಯಿದೆ' ಎಂಬ ಒಂದು ಸಂದೇಶ ಬರುವಂತೆ ಮಾಡಿ, ಅದು ಬಾರದ ದಿನವನ್ನೇ ಎಚ್ಚರಿಕೆಯ ದಿನವೆಂದು ಪರಿಗಣಿಸತಕ್ಕದ್ದು.

ಕಾರ್ಖಾನೆಯ ವಿದ್ಯುತ್ ಫಲಕದಲ್ಲಿ ಸೋರಿಕೆ ನಿರೋಧಕ ಸ್ವಿಚ್ಚಿಗೆ ಪರೀಕ್ಷಾ ಗುಂಡಿ ಇರುವಂತೆ ಈ ನಿಗಾ ವ್ಯವಸ್ಥೆಗೂ ಒಂದು ಪರೀಕ್ಷೆ ಬೇಕು. ತಿಂಗಳಿಗೊಮ್ಮೆ, ಕಚೇರಿ ವೇಳೆ ಮುಗಿದ ಮೇಲೆ, ಪರೀಕ್ಷಾ ವಿಳಾಸವನ್ನು ತಡೆಪಟ್ಟಿಯಿಂದ ಉದ್ದೇಶಪೂರ್ವಕವಾಗಿ ತೆಗೆದು, ಎಚ್ಚರಿಕೆ ಬರುತ್ತದೆಯೇ, ಎಷ್ಟು ನಿಮಿಷಕ್ಕೆ ಬರುತ್ತದೆ, ಯಾರಿಗೆ ಬರುತ್ತದೆ ಎಂಬುದನ್ನು ನೋಡಬೇಕು. ಕೆಲಸ ಬಿಟ್ಟುಹೋದ ನೌಕರರ ಮೊಬೈಲ್ ಸಂಖ್ಯೆಗೆ ಎಚ್ಚರಿಕೆ ಹೋಗುತ್ತಿದ್ದರೆ ಅದು ಗೊತ್ತಾಗುವುದು ಹೀಗೆಯೇ. ನೋಡಿದ ಮೇಲೆ ವಿಳಾಸವನ್ನು ಪಟ್ಟಿಗೆ ಮರಳಿ ಸೇರಿಸಿದ್ದನ್ನೂ ಪುಸ್ತಕದಲ್ಲಿ ನಮೂದಿಸಬೇಕು.

ದೋಷ ಕಂಡಾಗ ಮಾಡಬೇಕಾದುದು

ಫಿಲ್ಟರ್ ನಿಷ್ಕ್ರಿಯವಾದಾಗ ಅಂತರಜಾಲವನ್ನು ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂಬುದು ತಂತ್ರಜ್ಞರ ತೀರ್ಮಾನವಲ್ಲ, ಮಾಲೀಕರದು. ಗಡಿಬಿಡಿಯ ಗಳಿಗೆಯಲ್ಲಿ ಅದನ್ನು ನಿರ್ಧರಿಸಲಾಗದು, ಮೊದಲೇ ಬರೆದಿಡಬೇಕು. ಲೆಕ್ಕಪತ್ರ ಮತ್ತು ವಿನ್ಯಾಸ ವಿಭಾಗಗಳಿಗೆ ನಿಲ್ಲಿಸಿ, ಬ್ಯಾಂಕು ಹಾಗೂ ತೆರಿಗೆ ಇಲಾಖೆಯ ಗೊತ್ತುಪಡಿಸಿದ ಕೆಲವು ತಾಣಗಳನ್ನು ಮಾತ್ರ ತೆರೆದಿಡುವುದು ಅನೇಕ ಕಚೇರಿಗಳಿಗೆ ಹೊಂದುವ ಮಧ್ಯಮ ಮಾರ್ಗ.

ಫಿಲ್ಟರ್ ಸರಿಹೋದ ಮೇಲೂ ಎರಡು ಕೆಲಸಗಳು ಉಳಿಯುತ್ತವೆ. ಮೊದಲನೆಯದು ಪ್ರಾಕ್ಸಿಯ ಸಂಗ್ರಹವನ್ನು ತೆರವುಗೊಳಿಸುವುದು. ಸ್ಕ್ವಿಡ್‌ನಲ್ಲಿ ಐಕ್ಯಾಪ್ ಪರಿಶೀಲನೆ ನಡೆಯುವುದು ಪುಟ ಸಂಗ್ರಹಕ್ಕೆ ಸೇರುವ ಮುನ್ನ. ವೈಫಲ್ಯದ ಅವಧಿಯಲ್ಲಿ ಪರೀಕ್ಷೆಯಿಲ್ಲದೆ ಸಂಗ್ರಹಕ್ಕೆ ಸೇರಿದ ಕಡತವು, ಪರೀಕ್ಷಕ ಸರಿಹೋದ ನಂತರವೂ ಅಲ್ಲಿಂದಲೇ ಹೊರಬರಬಹುದು. ಇದೇ ಕಾರಣಕ್ಕೆ ಪರೀಕ್ಷೆಯ ಕೋರಿಕೆಯೂ ಹಳೆಯ ಸಂಗ್ರಹದಿಂದ ಉತ್ತರ ಪಡೆಯದಂತೆ ನೋಡಿಕೊಳ್ಳಬೇಕು.

ಎರಡನೆಯದು ಲಾಗ್ ಪರಿಶೀಲನೆ. ಕೊನೆಯ ಯಶಸ್ವಿ ಪರೀಕ್ಷೆಯಿಂದ ದೋಷ ಸರಿಪಡಿಸಿದ ವೇಳೆಯವರೆಗೆ ದಾಖಲಾದ ವಿಳಾಸಗಳನ್ನು ತಡೆಪಟ್ಟಿಯೊಡನೆ ಹೋಲಿಸಿ, ಯಾವ ಯಂತ್ರ ನಿಷಿದ್ಧ ತಾಣವನ್ನು ತಲುಪಿದೆ ಎಂದು ನೋಡಬೇಕು. ಅಂಥ ಯಂತ್ರಗಳನ್ನು ಜಾಲದಿಂದ ಬೇರ್ಪಡಿಸಿ ಪರೀಕ್ಷಿಸಬೇಕು.

ಇಲ್ಲಿ ಕಾನೂನಿನ ಬಾಧ್ಯತೆಯೂ ಇದೆ. ಕೇಂದ್ರ ಸರ್ಕಾರದ ಸಂಸ್ಥೆಯಾದ ಸರ್ಟ್-ಇನ್, ಮಾಹಿತಿ ತಂತ್ರಜ್ಞಾನ ಕಾಯಿದೆಯಡಿ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ, ಅದರಲ್ಲಿ ಪಟ್ಟಿ ಮಾಡಿದ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು. ಲಾಗ್ ದಾಖಲೆಗಳನ್ನು 180 ದಿನಗಳ ಕಾಲ ಸಂರಕ್ಷಿಸಬೇಕು. ಯಂತ್ರಗಳ ಗಡಿಯಾರಗಳನ್ನು ನಿಗದಿತ ಸಮಯ ಮೂಲಗಳೊಡನೆ ಹೊಂದಿಸಿರಬೇಕು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ನೀಡಿದ್ದ ಹೆಚ್ಚುವರಿ ಕಾಲಾವಕಾಶ 2022ರ ಸೆಪ್ಟೆಂಬರ್ 25ಕ್ಕೆ ಮುಗಿಯಿತು. ಫಿಲ್ಟರ್ ನಿಂತುಹೋಗುವುದೇ ವರದಿ ಮಾಡಬೇಕಾದ ಘಟನೆಯೆಂದಲ್ಲ. ಆ ಅವಧಿಯಲ್ಲಿ ದುಷ್ಟ ತಂತ್ರಾಂಶ ಒಳನುಗ್ಗಿದ್ದರೆ ಆ ಪ್ರಶ್ನೆ ಏಳುತ್ತದೆ, ಮತ್ತು ಆಗ ಲಾಗ್ ಇಲ್ಲದ ಸಂಸ್ಥೆಗೆ ಏನಾಯಿತೆಂದು ಹೇಳಲು ಆಧಾರವಿರುವುದಿಲ್ಲ. ಈ ಲಾಗ್‌ಗಳು ನೌಕರರ ಬಳಕೆಯ ದಾಖಲೆಯೂ ಆಗಿರುವುದರಿಂದ, ಅವುಗಳನ್ನು ಇಡಲಾಗುತ್ತಿದೆ ಎಂಬ ಸಂಗತಿಯನ್ನು ಸಿಬ್ಬಂದಿಗೆ ಮೊದಲೇ ತಿಳಿಸಿ, ನೋಡುವ ಅಧಿಕಾರವನ್ನು ಒಬ್ಬಿಬ್ಬರಿಗೆ ಸೀಮಿತಗೊಳಿಸುವುದು ನ್ಯಾಯ.

ಅಳವಡಿಸುವವರೊಡನೆ ಒಪ್ಪಂದಕ್ಕೆ ಮುನ್ನ

ಫಿಲ್ಟರ್ ಮಾರುವ ಅಥವಾ ನಿರ್ವಹಿಸುವವರನ್ನು ಮಾಲೀಕರು ಈ ಕೆಳಗಿನ ಪ್ರಶ್ನೆಗಳನ್ನು ಕೇಳಿ, ಉತ್ತರಗಳನ್ನು ನಿರ್ವಹಣಾ ಒಪ್ಪಂದದಲ್ಲಿ ಸೇರಿಸುವುದು ಸೂಕ್ತ.

1. ಫಿಲ್ಟರ್ ಕೆಟ್ಟಾಗ ಪುಟಗಳು ನಿಲ್ಲುತ್ತವೆಯೇ, ಹಾದುಹೋಗುತ್ತವೆಯೇ? ಅದನ್ನು ತೀರ್ಮಾನಿಸುವ ಹೊಂದಾಣಿಕೆ ಯಾವುದು?

2. ತಡೆಪಟ್ಟಿ ಎಲ್ಲಿಂದ ಬರುತ್ತದೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬರುವುದು ನಿಂತರೆ ತಿಳಿಯುವ ಬಗೆ ಏನು?

3. ಪಟ್ಟಿ ಬದಲಾದ ಮೇಲೆ ತಡೆ ಪರೀಕ್ಷೆ ತಾನಾಗಿ ನಡೆಯುತ್ತದೆಯೇ?

4. ಎಚ್‌ಟಿಟಿಪಿಎಸ್ ಪುಟಗಳಲ್ಲಿ ಫಿಲ್ಟರ್‌ಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ?

5. ದೋಷದ ಎಚ್ಚರಿಕೆ ಯಾರಿಗೆ, ಯಾವ ದಾರಿಯಲ್ಲಿ, ಎಷ್ಟು ನಿಮಿಷದೊಳಗೆ ತಲುಪುತ್ತದೆ? ರಜಾ ದಿನಗಳಲ್ಲಿ ಯಾರಿಗೆ?

6. ಲಾಗ್ ದಾಖಲೆಗಳು 180 ದಿನ ಉಳಿಯುವಷ್ಟು ಸ್ಥಳಾವಕಾಶ ಇದೆಯೇ?

ಉತ್ತರಗಳನ್ನು ಕೇಳಿದ ಮೇಲೆ ಒಂದು ಪ್ರದರ್ಶನವನ್ನೂ ಕೇಳಬೇಕು. ಮಾಲೀಕರ ಎದುರಿನಲ್ಲಿಯೇ ಫಿಲ್ಟರನ್ನು ನಿಲ್ಲಿಸಿ, ಏನಾಗುತ್ತದೆ ಎಂದು ತೋರಿಸುವಂತೆ ಹೇಳಬೇಕು. ಫಿಲ್ಟರ್ ತಡೆಯುವುದನ್ನು ತೋರಿಸುವ ಪ್ರದರ್ಶನ ಎಲ್ಲ ಮಾರಾಟಗಾರರ ಬಳಿಯೂ ಇರುತ್ತದೆ. ಅದು ಕೆಟ್ಟಾಗ ಎಚ್ಚರಿಕೆ ಬರುವುದನ್ನು ತೋರಿಸಬಲ್ಲವರಿಗೆ ಒಪ್ಪಂದ ಕೊಡುವುದು ಲೇಸು.

ಆರಂಭಿಸಲು ಇಂದೇ ಮಾಡಬಹುದಾದ ಕೆಲಸ ಒಂದಿದೆ. ಕಚೇರಿಯ ಸಾಮಾನ್ಯ ಗಣಕಯಂತ್ರವೊಂದರಲ್ಲಿ, ತಡೆಯಲ್ಪಟ್ಟಿದೆ ಎಂದು ನಂಬಿರುವ ನಿರುಪದ್ರವಿ ತಾಣವೊಂದನ್ನೂ ಅನುಮತಿಯಿರುವ ತಾಣವೊಂದನ್ನೂ ತೆರೆದು ನೋಡಿ, ಫಲಿತಾಂಶವನ್ನು ದಿನಾಂಕದೊಡನೆ ಬರೆದಿಡುವುದು. ಎರಡೂ ತೆರೆದುಕೊಂಡರೆ ಮೊದಲು ಮಾಡಬೇಕಾದುದು ಲಾಗ್ ಕಡತಗಳ ಪ್ರತಿಯೊಂದನ್ನು ಸುರಕ್ಷಿತವಾಗಿ ತೆಗೆದಿಟ್ಟುಕೊಳ್ಳುವುದು. ತಂತ್ರಜ್ಞರನ್ನು ಕರೆಸುವುದು ಅದರ ನಂತರದ ಕೆಲಸ.